ಮಸಲ್ ಕಾರು ಟ್ರ್ಯಾಕಿಗೆ ಹೊರಡುವ ಮೊದಲು: ಕರಾವಳಿಯವರಿಗೆ ತಯಾರಿಯ ಕ್ರಮ

“ಫೋರ್ಡ್ ಮಸ್ಟಾಂಗ್ ಉಂಟು, ಟೈಮ್ ಟ್ರಯಲ್‌ಗೆ ಹೋಗುವ ಆಸೆ. ಯಾವ ಎಕ್ಸಾಸ್ಟ್ ಹಾಕಿಸಲಿ? ಇಂಜಿನ್ ಟ್ಯೂನ್ ಎಲ್ಲಿ ಮಾಡಿಸಲಿ?” ಮಂಗಳೂರು, ಉಡುಪಿ, ಮಣಿಪಾಲ ಕಡೆಯ ಓದುಗರು ತಿರುಗಿಸಿ ಮುರುಗಿಸಿ ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಬಿಡಿಯಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಎಕ್ಸಾಸ್ಟೂ ಬೇಡ, ಟ್ಯೂನೂ ಬೇಡ. ಆ ದುಡ್ಡು ಬ್ರೇಕಿಗೂ ಟೈರಿಗೂ ಬೇಕು.

ಟೈಮ್ ಟ್ರಯಲ್ ಅಂದರೆ ಗಡಿಯಾರದ ಜೊತೆಗಿನ ಸ್ಪರ್ಧೆ. ಪಕ್ಕದ ಕಾರನ್ನು ಹಿಂದಿಕ್ಕುವ ಗೋಜಿಲ್ಲ. ಕಾರುಗಳನ್ನು ಅಂತರ ಬಿಟ್ಟು ಟ್ರ್ಯಾಕಿಗೆ ಕಳಿಸುತ್ತಾರೆ, ನೀವು ಹೊಡೆದ ಸುತ್ತುಗಳಲ್ಲಿ ಅತಿ ಕಡಿಮೆ ಸಮಯದ ಒಂದು ಸುತ್ತು ಲೆಕ್ಕಕ್ಕೆ ಬರುತ್ತದೆ. ಹವ್ಯಾಸಿಗೆ ಇದಕ್ಕಿಂತ ಸುರಕ್ಷಿತವಾದ ಪ್ರವೇಶದ್ವಾರ ಮೋಟಾರ್ ಕ್ರೀಡೆಯಲ್ಲಿ ಕಡಿಮೆ.

ಮಸಲ್ ಕಾರು ಅಂದರೆ ಎಂಟು ಸಿಲಿಂಡರಿನ ದೊಡ್ಡ ವಿ8 ಇಂಜಿನ್, ಹಿಂದಿನ ಚಕ್ರಗಳಿಗೆ ಶಕ್ತಿ, ಎರಡು ಬಾಗಿಲು, ಭಾರೀ ಮೈ. ಅಮೆರಿಕದಲ್ಲಿ 1960ರ ದಶಕದಲ್ಲಿ ಹುಟ್ಟಿದ ತಳಿ ಇದು, ನೇರ ರಸ್ತೆಯಲ್ಲಿ ಚಿಮ್ಮಲೆಂದೇ ಮಾಡಿದ್ದು. ನಮ್ಮಲ್ಲಿ ಕ್ಯಾಮರೋ, ಚಾಲೆಂಜರ್‌ಗಳು ಎಡಗಡೆ ಸ್ಟೀರಿಂಗ್‌ನ ಆಮದು ಕಾರುಗಳಾಗಿ ಅಲ್ಲೊಂದು ಇಲ್ಲೊಂದು ಕಾಣುತ್ತವೆ. ಫೋರ್ಡ್ ಕಂಪನಿಯೇ ಬಲಗಡೆ ಸ್ಟೀರಿಂಗ್ ಇಟ್ಟು ಭಾರತದಲ್ಲಿ ಮಾರಿದ್ದು 2016ರಲ್ಲಿ ಬಂದ 5.0 ಲೀಟರ್ ಮಸ್ಟಾಂಗ್ ಜಿಟಿಯನ್ನು. ಹಾಗಾಗಿ ಕೆಳಗಿನ ಅಂಕಿಗಳೆಲ್ಲ ಅದರ ಮೇಲೆಯೇ. ಬೇರೆ ಕಾರಿದ್ದರೆ ಕ್ರಮ ಇದೇ, ಅಂಕಿಗಳನ್ನು ನಿಮ್ಮ ಮ್ಯಾನುಯಲ್‌ನಿಂದ ತೆಗೆದುಕೊಳ್ಳಿ.

ಬ್ರೇಕಿಗೆ ಯಾಕಿಷ್ಟು ಒತ್ತು ಎಂಬುದಕ್ಕೆ ಒಂದು ಸಣ್ಣ ಲೆಕ್ಕ. ಚಾಲಕನೂ ಸೇರಿ 1,850 ಕಿಲೋ ತೂಗುವ ಕಾರು ಗಂಟೆಗೆ 180 ಕಿ.ಮೀ.ನಿಂದ 80ಕ್ಕೆ ಇಳಿಯುವಾಗ ಬ್ರೇಕ್‌ಗಳು ನುಂಗಬೇಕಾದ ಶಕ್ತಿ ಸುಮಾರು 18.5 ಲಕ್ಷ ಜೂಲ್. ಒಂದೇ ಒಂದು ತಿರುವಿಗೆ, ಆರು ಲೀಟರ್ ತಣ್ಣೀರನ್ನು ಕುದಿಸುವಷ್ಟು ಶಾಖ! ಒಂದು ಟನ್ನಿನ ಹ್ಯಾಚ್‌ಬ್ಯಾಕ್ 140ರಿಂದ 80ಕ್ಕೆ ಇಳಿದರೆ ಇದರ ಮೂರನೇ ಒಂದು ಭಾಗವೂ ಆಗುವುದಿಲ್ಲ. ಮಸಲ್ ಕಾರು ಟ್ರ್ಯಾಕಿನಲ್ಲಿ ಸೋಲುವುದು ಓಡಲಾರದೆ ಅಲ್ಲ, ನಿಲ್ಲಲಾರದೆ.

1. ಕಾಗದಪತ್ರ ಮೊದಲು

ನಿಮ್ಮ ವಿಮಾ ಪಾಲಿಸಿಯಲ್ಲಿ ‘ಬಳಕೆಯ ಮಿತಿ’ ಎಂಬ ಪ್ಯಾರಾ ಹುಡುಕಿ ಓದಿ. ಸಂಘಟಿತ ರೇಸಿಂಗ್, ಪೇಸ್ ಮೇಕಿಂಗ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ ಇವಕ್ಕೆ ರಕ್ಷಣೆ ಇಲ್ಲ ಎಂದು ಅಲ್ಲಿ ಬರೆದಿರುತ್ತದೆ. ಅಂದರೆ ಟ್ರ್ಯಾಕಿನಲ್ಲಿ ಗೋಡೆಗೆ ತಾಗಿದರೆ ಪೂರ್ತಿ ಖರ್ಚು ನಿಮ್ಮ ಜೇಬಿನಿಂದ. ‘ಬಂಪರ್ ಟು ಬಂಪರ್ ಉಂಟಲ್ಲ’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಕಾರು ಸಾಲದಲ್ಲಿದ್ದರೆ ಇನ್ನೂ ಒಮ್ಮೆ ಯೋಚಿಸಿ.

ಸ್ಪರ್ಧೆಯ ರೂಪದ ಕಾರ್ಯಕ್ರಮಕ್ಕೆ ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟದ, ಅಂದರೆ ಎಫ್‌ಎಂಎಸ್‌ಸಿಐನ ಲೈಸೆನ್ಸ್ ಕೇಳಬಹುದು. ಕೇವಲ ‘ಟ್ರ್ಯಾಕ್ ಡೇ’, ಅಂದರೆ ಸ್ಪರ್ಧೆ ಇಲ್ಲದೆ ಟ್ರ್ಯಾಕಿನಲ್ಲಿ ಓಡಿಸುವ ದಿನ ಆದರೆ ಸಾಮಾನ್ಯ ಡ್ರೈವಿಂಗ್ ಲೈಸೆನ್ಸ್, ಹೊಣೆ ಬಿಡುಗಡೆ ಪತ್ರಕ್ಕೆ ಒಂದು ಸಹಿ ಸಾಕಾಗುತ್ತದೆ. ಹೆಸರು ಕೊಡುವ ಮೊದಲೇ ಸಂಘಟಕರ ನಿಯಮಾವಳಿ ತರಿಸಿಕೊಂಡು ಓದಿ.

ಇನ್ನೊಂದು, ಮಾಡಿಫಿಕೇಶನ್. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿ ಪುಸ್ತಕದಲ್ಲಿರುವ ತಯಾರಕರ ವಿವರಣೆಗೆ ಹೊರತಾಗಿ ಕಾರನ್ನು ಬದಲಿಸುವಂತಿಲ್ಲ. ಬ್ರೇಕ್ ಪ್ಯಾಡ್, ಎಣ್ಣೆ, ಟೈರ್ ಸವೆಯುವ ಭಾಗಗಳು, ಅವುಗಳಿಂದ ತಕರಾರಿಲ್ಲ. ಕಿವಿ ಕೊರೆಯುವ ಎಕ್ಸಾಸ್ಟ್ ಹಾಕಿಸಿದಿರೋ, ಟ್ರ್ಯಾಕ್ ಮುಟ್ಟುವ ಮೊದಲೇ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಪೊಲೀಸರು ಮಾತಾಡಿಸುತ್ತಾರೆ.

ಸುರತ್ಕಲ್‌ನಿಂದ ಪಡುಬಿದ್ರಿವರೆಗಿನ ಹೆದ್ದಾರಿಯಲ್ಲಿ ‘ಸ್ವಲ್ಪ ಪ್ರಾಕ್ಟೀಸ್’ ಮಾಡುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಸಾರ್ವಜನಿಕ ರಸ್ತೆಯಲ್ಲಿ ಸ್ಪರ್ಧೆ ನಡೆಸುವುದು 189ನೇ ಕಲಂ ಅಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ದಂಡ, ಜೈಲಿಗೂ ಅವಕಾಶ ಉಂಟು.

2. ಯಾವ ಟ್ರ್ಯಾಕ್, ಯಾವ ದಾರಿ

ಕರಾವಳಿಯಲ್ಲಿ ಇಂಥ ಕಾರಿಗೆ ತಕ್ಕ ಟ್ರ್ಯಾಕ್ ಇಲ್ಲ. ಹತ್ತಿರದ್ದು ಕೊಯಮತ್ತೂರಿನ ಚೆಟ್ಟಿಪಾಳಯದಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿ.ಮೀ. ಆಮೇಲೆ ಚೆನ್ನೈಗೆ ಮೊದಲು ಶ್ರೀಪೆರಂಬುದೂರು ಬಳಿ ಇರುಂಗಾಟ್ಟುಕೋಟೈಯ ಟ್ರ್ಯಾಕ್, 3.7 ಕಿ.ಮೀ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5.125 ಕಿ.ಮೀ. ಉದ್ದದ ಭವ್ಯ ಟ್ರ್ಯಾಕ್ ನಿಜ, ಮೊದಲ ಸಲಕ್ಕೆ ಉಡುಪಿಯಿಂದ ಅಷ್ಟು ದೂರ ಹೋಗುವುದು ಬೇಡ.

ಮೊದಲ ಸಲಕ್ಕೆ ನನ್ನ ಸಲಹೆ ಕೊಯಮತ್ತೂರು. ಟ್ರ್ಯಾಕ್ ಚಿಕ್ಕದು, ವೇಗ ಕಡಿಮೆ, ತಪ್ಪಿದರೂ ಪೆಟ್ಟು ಕಡಿಮೆ. ಆದರೆ ಸುತ್ತು ಚಿಕ್ಕದಾದ್ದರಿಂದ ಬ್ರೇಕಿಗೆ ಉಸಿರಾಡಲು ಪುರುಸೊತ್ತೂ ಕಡಿಮೆ. ಅದು ನೆನಪಿರಲಿ.

ಕಾಸರಗೋಡು, ಕಣ್ಣೂರು, ಕೋಝಿಕ್ಕೋಡ್ ಮೇಲಾಗಿ ಪಾಲಕ್ಕಾಡಿನ ದಾರಿ 400 ಕಿ.ಮೀ. ಮೀರುತ್ತದೆ, ಆದರೆ ದೊಡ್ಡ ಘಾಟಿ ಇಲ್ಲ. ಮಡಿಕೇರಿ, ಮೈಸೂರು ಮೇಲಾಗಿ ಹೋದರೆ ಸಂಪಾಜೆ ಘಾಟಿ ಹತ್ತಬೇಕು, ಮುಂದೆ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ, ದಿಂಬಂ ಕಡೆಯಿಂದ ಇಳಿದರೆ 27 ಹೇರ್‌ಪಿನ್ ತಿರುವು. ಚೆನ್ನೈಗೆ ಶಿರಾಡಿ, ಹಾಸನ, ಬೆಂಗಳೂರು ಮೇಲಾಗಿ ಸುಮಾರು 650 ಕಿ.ಮೀ. ಮಳೆಗಾಲದಲ್ಲಿ ಶಿರಾಡಿ ಯಾವಾಗ ಕುಸಿಯುತ್ತದೆ, ಯಾವಾಗ ತೆರೆಯುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ಆ ತಿಂಗಳುಗಳಲ್ಲಿ ಒಂದು ದಿನ ಹೆಚ್ಚು ಇಟ್ಟುಕೊಂಡೇ ಹೊರಡಿ.

ಫ್ಲ್ಯಾಟ್‌ಬೆಡ್ ಲಾರಿಯಲ್ಲಿ ಕಾರು ಕಳಿಸುವ ಶಕ್ತಿ ಇದ್ದರೆ ಹಾಗೇ ಮಾಡಿ. ಇದು ಶೋಕಿಯ ಮಾತಲ್ಲ. ಯಾಕೆಂದು ಕೊನೆಯ ಹಂತದಲ್ಲಿ ಹೇಳುತ್ತೇನೆ.

3. ಉಪ್ಪು ಗಾಳಿ ಏನೇನು ತಿಂದಿದೆ ನೋಡಿ

ಇಂಥ ಕಾರುಗಳು ಓಡುವುದು ಕಡಿಮೆ, ಶೆಡ್ಡಿನಲ್ಲಿ ನಿಲ್ಲುವುದು ಹೆಚ್ಚು. ಮಲ್ಪೆಯೋ ಉಳ್ಳಾಲವೋ ಆದರೆ ಕಡಲ ಗಾಳಿ ಸೀದಾ ಕಾರಿನ ಅಡಿಗೆ. ಕಾರನ್ನು ಲಿಫ್ಟಿಗೆ ಏರಿಸಿ, ಕೈಯಲ್ಲಿ ಟಾರ್ಚ್ ಹಿಡಿದು ನೀವೇ ನೋಡಿ. ‘ಸರ್ವಿಸ್ ಆಗಿದೆ’ ಎಂಬ ಬಿಲ್ ಈ ಕೆಲಸಕ್ಕೆ ಸಾಲದು.

ಡಿಸ್ಕಿನ ಮೇಲಿನ ಕೆಂಪು ತುಕ್ಕಿಗೆ ಹೆದರಬೇಡಿ, ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಹೆದರಬೇಕಾದದ್ದು ಹಿಂದಿನ ಕ್ಯಾಲಿಪರಿನ ಸ್ಲೈಡ್ ಪಿನ್‌ಗೆ. ಕ್ಯಾಲಿಪರ್ ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಹಿಡಿ. ಮಸ್ಟಾಂಗಿನ ಹಿಂದಿನ ಹಿಡಿ ಎರಡು ಪಿನ್‌ಗಳ ಮೇಲೆ ಜಾರುತ್ತದೆ. ಗ್ರೀಸ್ ಒಣಗಿ ಪಿನ್ ಕಚ್ಚಿಕೊಂಡರೆ ಒಂದು ಪ್ಯಾಡ್ ಮಾತ್ರ ದುಡಿಯುತ್ತದೆ, ಇನ್ನೊಂದು ಸುಮ್ಮನೆ ಕೂರುತ್ತದೆ. ಪಿನ್ ಹೊರತೆಗೆದು ಒರೆಸಿ, ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಬೂಟ್ ಊದಿಕೊಂಡು ಹಾಳಾಗುತ್ತದೆ.

ಅದೇ ಹೊತ್ತಿಗೆ ಬ್ರೇಕ್ ಹೋಸ್‌ಗಳ ಬಿರುಕು, ಬಾಲ್ ಜಾಯಿಂಟ್‌ಗಳ ಆಟ, ಶಾಕ್ ಅಬ್ಸಾರ್ಬರಿನ ಎಣ್ಣೆ ಸೋರಿಕೆ, ಅಡಿಯ ಪ್ಲಾಸ್ಟಿಕ್ ತಟ್ಟೆಯ ಸ್ಕ್ರೂಗಳು ಎಲ್ಲ ನೋಡಿ. ನಮ್ಮ ಹಂಪ್‌ಗಳಿಗೆ ತಾಗಿ ತಾಗಿ ಆ ತಟ್ಟೆ ಅರ್ಧ ಕಳಚಿರುವುದು ಮಾಮೂಲು. ಟ್ರ್ಯಾಕಿನ ವೇಗದಲ್ಲಿ ಅದು ಪೂರ್ತಿ ಕಳಚಿ ಟೈರಿಗೆ ಸಿಗುತ್ತದೆ.

4. ಬ್ರೇಕ್

ಇಲ್ಲಿ ಅವಸರ ಮಾಡಬೇಡಿ. ಮೊದಲು ದ್ರವ, ಆಮೇಲೆ ಪ್ಯಾಡ್, ಆಮೇಲೆ ಗಾಳಿ.

*ದ್ರವ.* ಬ್ರೇಕ್ ಆಯಿಲ್ ಎಂದು ನಾವು ಕರೆಯುವ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ದ್ರವ ಕುದಿಯುವುದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ. ತೂಕದಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದ ಮೇಲೆ ಮಾನಕ ಬಯಸುವುದು ಬರೀ 155 ಡಿಗ್ರಿ. ಮಳೆಗಾಲದಲ್ಲಿ ತೇವಾಂಶ ತೊಂಬತ್ತರ ಆಸುಪಾಸು ನಿಲ್ಲುವ ನಮ್ಮೂರಲ್ಲಿ ಎರಡು ವರ್ಷ ಹಳೆಯ ದ್ರವವನ್ನು ನಂಬಿ ಟ್ರ್ಯಾಕಿಗಿಳಿಯುವುದು ಸಲ್ಲ. ದ್ರವ ಕುದಿದರೆ ಆವಿಯ ಗುಳ್ಳೆಗಳಾಗುತ್ತವೆ. ಆವಿ ಒತ್ತಿದಷ್ಟೂ ಕುಗ್ಗುತ್ತದೆ, ನಿಮ್ಮ ಪೆಡಲ್ ನೆಲ ಮುಟ್ಟುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ.

ರೇಸಿಂಗ್‌ಗೆಂದು ಮಾರುವ ಡಾಟ್ 4 ದ್ರವಗಳು 300 ಡಿಗ್ರಿ ದಾಟಿ ತಡೆಯುತ್ತವೆ. ಒಂದು ಲೀಟರ್ ತರಿಸಿ, ಪೂರ್ತಿ ಬದಲಿಸಿ. ಸೀಲ್ ಒಡೆದ ಅರ್ಧ ಬಾಟಲಿಯನ್ನು ಮುಂದಿನ ವರ್ಷಕ್ಕೆಂದು ಎತ್ತಿಡಬೇಡಿ, ಮುಚ್ಚಳ ಎಷ್ಟೇ ಬಿಗಿಯಾಗಿದ್ದರೂ. ಡಾಟ್ 5 ಬೇರೆಯೇ ವಸ್ತು, ಸಿಲಿಕೋನ್. ಅಂಕಿ ದೊಡ್ಡದೆಂದು ಅದನ್ನು ಸುರಿದುಬಿಟ್ಟವರಿದ್ದಾರೆ. ಡಾಟ್ 4ರ ಜೊತೆ ಅದು ಬೆರೆಯುವುದಿಲ್ಲ.

ಬದಲಿಸುವಾಗ ಒಬ್ಬರು ಪೆಡಲ್ ಮೇಲೆ, ಒಬ್ಬರು ಚಕ್ರದ ಬಳಿ. ಪೆಡಲ್ ಒತ್ತಿ ಹಿಡಿದ ಮೇಲೆ ಹಳೆಯ ದ್ರವ ಹೊರಬಿಡುವ ಬ್ಲೀಡರ್ ತಿರುಪು ಸಡಿಲಿಸಬೇಕು, ಅದನ್ನು ಬಿಗಿದ ಮೇಲೆ ಪೆಡಲ್ ಬಿಡಬೇಕು. ಈ ಕ್ರಮ ಒಮ್ಮೆ ತಪ್ಪಿದರೂ ಗಾಳಿ ಒಳಹೋಗುತ್ತದೆ. ಕೊಳವೆಯಲ್ಲಿ ಮೊದಲು ಹಾಲಿಲ್ಲದ ಚಹಾದಂಥ ಕಂದು ದ್ರವ, ನಡುನಡುವೆ ಸಣ್ಣ ಗುಳ್ಳೆ, ಆಮೇಲೆ ತಿಳಿ ಹಳದಿ ಬರುತ್ತದೆ. ತಿಳಿ ಬಂದ ಮೇಲೂ ಹತ್ತು ಸಲ ಒತ್ತಿ. ಟ್ಯಾಂಕಿನ ಮಟ್ಟ ಮಧ್ಯೆ ಮಧ್ಯೆ ನೋಡುತ್ತಿರಿ, ಬರಿದಾದರೆ ಕೆಲಸ ಮೊದಲಿಂದ.

*ಪ್ಯಾಡ್.* ಕಂಪನಿಯ ಪ್ಯಾಡ್ ರಸ್ತೆಗೆ ಸೊಗಸು, ಟ್ರ್ಯಾಕಿನ ಮೂರನೇ ಸುತ್ತಿಗೆ ಸುಸ್ತು. ಪೂರ್ತಿ ರೇಸಿಂಗ್ ಪ್ಯಾಡ್ ಹಾಕಿದರೆ ಇನ್ನೊಂದು ಕಷ್ಟ: ತಣ್ಣಗಿರುವಾಗ ಅವು ಸರಿಯಾಗಿ ಹಿಡಿಯುವುದಿಲ್ಲ, ಬಸ್ಸಿನಂತೆ ಕಿರುಚುತ್ತವೆ, ಡಿಸ್ಕ್ ತಿನ್ನುತ್ತವೆ. ಕಾರನ್ನು ಓಡಿಸಿಕೊಂಡೇ ಹೋಗಿ ಬರುವವರಾದರೆ ‘ಸ್ಟ್ರೀಟ್-ಟ್ರ್ಯಾಕ್’ ಎಂದು ಬರುವ ಮಧ್ಯಮ ವರ್ಗದ ಪ್ಯಾಡ್ ಆರಿಸಿ. ಮುಂದೆ, ಹಿಂದೆ ಎರಡೂ ಕಡೆ ಬದಲಿಸಿ. ಅರ್ಧಕ್ಕಿಂತ ಹೆಚ್ಚು ಸವೆದ ಪ್ಯಾಡ್ ಎಷ್ಟು ಒಳ್ಳೆಯದಾದರೂ ಬೇಡ, ತೆಳುವಾದಷ್ಟೂ ಶಾಖ ಬೇಗ ದ್ರವಕ್ಕೆ ಇಳಿಯುತ್ತದೆ.

ಹೊಸ ಪ್ಯಾಡನ್ನು ‘ಬೆಡ್’ ಮಾಡಬೇಕು, ಅಂದರೆ ಬಿಸಿ ಮಾಡಿ ಡಿಸ್ಕಿನ ಮೇಲೆ ಅದರ ತೆಳು ಪದರ ಕೂರಿಸಬೇಕು. ಗಂಟೆಗೆ 100 ಕಿ.ಮೀ.ನಿಂದ 20ಕ್ಕೆ ಎಂಟು-ಹತ್ತು ಸಲ, ಒಂದಕ್ಕಿಂತ ಒಂದು ಗಟ್ಟಿಯಾಗಿ ಒತ್ತಿ, ಪೂರ್ತಿ ನಿಲ್ಲಿಸದೆ. ಆಮೇಲೆ ಬ್ರೇಕ್ ಮುಟ್ಟದೆ ಹತ್ತು ನಿಮಿಷ ಓಡಿಸಿ ತಣಿಸಿ. ಹಿಂದಿನಿಂದ ಎಕ್ಸ್‌ಪ್ರೆಸ್ ಬಸ್ ಬರುತ್ತಿರುವ ನಮ್ಮ ಹೆದ್ದಾರಿ ಇದಕ್ಕೆ ಜಾಗವಲ್ಲ. ಟ್ರ್ಯಾಕಿನ ಮೊದಲ ಅವಧಿಯನ್ನು ಇದಕ್ಕೇ ಮೀಸಲಿಡಿ. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದೇ ಸರಿ.

*ಗಾಳಿ.* ಮುಂದಿನ ಬಂಪರಿನಿಂದ ಡಿಸ್ಕಿನ ನಡುವಿಗೆ ಗಾಳಿ ಒಯ್ಯುವ ಕೊಳವೆ ಒಳ್ಳೆಯದೇ, ಮೊದಲ ವರ್ಷಕ್ಕೆ ಬೇಕೆಂದಿಲ್ಲ. ನಾಲ್ಕು ಸುತ್ತು ಓಡಿಸಿ ಒಂದು ಸುತ್ತು ತಣಿಸುವ ಅಭ್ಯಾಸ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತದೆ. ದೊಡ್ಡ ಡಿಸ್ಕ್ ಕಿಟ್‌ಗಳ ಜಾಹೀರಾತನ್ನೂ ಈಗಲೇ ನೋಡಬೇಡಿ.

5. ಟೈರ್

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಒಂದು ಸಂಕೇತ ಇರುತ್ತದೆ. 3519 ಎಂದಿದ್ದರೆ 2019ರ 35ನೇ ವಾರದಲ್ಲಿ ತಯಾರಾದದ್ದು. ನಮ್ಮ ಮಸಲ್ ಕಾರುಗಳ ಟೈರಿನಲ್ಲಿ ಗೀರು ಚೆನ್ನಾಗಿ ಕಾಣುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ಐದಾರು ವರ್ಷ ದಾಟಿದ್ದರೆ ಎಷ್ಟೇ ಹೊಸದಾಗಿ ಕಂಡರೂ ಟ್ರ್ಯಾಕಿಗೆ ಬೇಡ. ಮಸ್ಟಾಂಗಿಗೆ ಕಂಪನಿ ಅಳತೆ ಮುಂದೆ 255/40, ಹಿಂದೆ 275/40, ಎರಡೂ 19 ಇಂಚು. ಒಳ್ಳೆಯ ರಸ್ತೆ ಸ್ಪೋರ್ಟ್ಸ್ ಟೈರ್ ಸಾಕು. ಸೆಮಿ ಸ್ಲಿಕ್ ಅಂದರೆ ಗೀರು ಕಡಿಮೆ ಇರುವ ಅರೆ ರೇಸಿಂಗ್ ಟೈರ್. ಅದನ್ನು ಹಾಕಿಕೊಂಡು ಜುಲೈ ಮಳೆಯಲ್ಲಿ ಕಾಸರಗೋಡು ದಾಟುವ ಸಾಹಸ ಬೇಡವೇ ಬೇಡ.

ಒತ್ತಡದ ವಿಷಯದಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಬೆಳಿಗ್ಗೆ ಒಮ್ಮೆ ಗಾಳಿ ತುಂಬಿಸಿ ಮರೆತುಬಿಡುವುದು. ಟೈರ್ ಐದಾರು ಡಿಗ್ರಿ ಬಿಸಿಯಾದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ರಸ್ತೆಯ 32ರಲ್ಲೇ ಇಳಿದರೆ ಕೆಲವೇ ಸುತ್ತಿಗೆ 40ರ ಹತ್ತಿರ ಹೋಗಿ ಟೈರಿನ ಮಧ್ಯಭಾಗ ಮಾತ್ರ ನೆಲ ಮುಟ್ಟುತ್ತದೆ, ಕಾರು ಸೋಪಿನ ಮೇಲೆ ನಿಂತ ಹಾಗೆ. ತಣ್ಣಗೆ 29-30ರಿಂದ ಶುರು ಮಾಡಿ, ಒಳಬಂದ ಕೂಡಲೇ ಅಳೆದು, ಬಿಸಿಯಲ್ಲಿ 35ರ ಆಸುಪಾಸಿಗೆ ಬರುವಂತೆ ಬಿಡುತ್ತಾ ಹೋಗಿ. ಪೆಟ್ರೋಲ್ ಪಂಪಿನ ಗೇಜ್ ನಂಬಬೇಡಿ, ನಿಮ್ಮದೇ ಒಂದು ಇರಲಿ.

ಟೈರಿನ ಭುಜದ ಮೇಲೆ, ಗೀರು ಮುಗಿದು ಪಕ್ಕ ಶುರುವಾಗುವಲ್ಲಿ, ಸೀಮೆಸುಣ್ಣದ ಅಡ್ಡಗೆರೆ ಎಳೆದು ಹೊರಡಿ. ಬಂದಾಗ ಸುಣ್ಣ ಪಕ್ಕದವರೆಗೂ ಅಳಿಸಿದ್ದರೆ ಒತ್ತಡ ಕಡಿಮೆ, ಟೈರ್ ಮಗುಚುತ್ತಿದೆ. ಭುಜದ ಮೇಲೇ ಗೆರೆ ಉಳಿದಿದ್ದರೆ ಒತ್ತಡ ಹೆಚ್ಚು. ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಗೊತ್ತಿಲ್ಲ.

ನಟ್‌ಗಳು: ಟೈರ್ ಅಂಗಡಿಯ ಗನ್ನಿನಲ್ಲಿ ‘ಟರ್ರ್’ ಎಂದು ಬಿಗಿದದ್ದು ಲೆಕ್ಕಕ್ಕಿಲ್ಲ. ಟಾರ್ಕ್ ರೆಂಚ್, ಅಂದರೆ ಎಷ್ಟು ಬಲದಲ್ಲಿ ಬಿಗಿದಿರಿ ಎಂದು ತೋರಿಸುವ ಸ್ಪ್ಯಾನರ್ ಕೊಳ್ಳಿ. ಈ ಮಸ್ಟಾಂಗಿಗೆ 204 ನ್ಯೂಟನ್ ಮೀಟರ್. ಮೊದಲ ಅವಧಿ ಮುಗಿದು ಚಕ್ರ ತಣಿದ ಮೇಲೆ ಮತ್ತೊಮ್ಮೆ ನೋಡಿ.

6. ಅಲೈನ್‌ಮೆಂಟ್

ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರದ ವಾಲು. ತಲೆ ಒಳಕ್ಕೆ ವಾಲಿದರೆ ಮೈನಸ್. ತಿರುವಿನಲ್ಲಿ ಭಾರದ ಕಾರು ಹೊರಕ್ಕೆ ಬಾಗುವಾಗ ಈ ವಾಲು ಟೈರನ್ನು ಚಪ್ಪಟೆಯಾಗಿ ನೆಲಕ್ಕೆ ಕೂರಿಸುತ್ತದೆ. ಟೋ ಅಂದರೆ ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಖ ಒಳಕ್ಕೋ ಹೊರಕ್ಕೋ ಎಂಬುದು. ಟ್ರ್ಯಾಕಿಗೆ ಮುಂದೆ ಮೈನಸ್ 2ರಿಂದ 2.5 ಡಿಗ್ರಿ ಕ್ಯಾಂಬರ್, ಟೋ ಸೊನ್ನೆ. ಹಿಂದೆ ಮೈನಸ್ 1ರಿಂದ 1.5, ಚೂರು ಒಳಮುಖ ಟೋ.

ಮುಂದೆ ಅಷ್ಟು ಕ್ಯಾಂಬರ್ ಕಂಪನಿ ಭಾಗಗಳಲ್ಲಿ ಸಿಗುವುದಿಲ್ಲ, ವಾಲನ್ನು ಬದಲಿಸಲು ಬಿಡುವ ಕ್ಯಾಂಬರ್ ಪ್ಲೇಟ್ ಬೇಕು. ಮೊದಲ ವರ್ಷ ಇಲ್ಲದೆಯೂ ನಡೆಯುತ್ತದೆ, ಮುಂದಿನ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ ಅಷ್ಟೆ. ಅಂಗಡಿಯಲ್ಲಿ ‘ಎಲ್ಲ ಗ್ರೀನ್ ಬಂತು ಸರ್’ ಎಂದರೆ ಸಮಾಧಾನಪಡಬೇಡಿ. ಆ ಹಸಿರು ರಸ್ತೆಯ ಸವಾರಿಗೆ. ನಿಮಗೆ ಬೇಕಾದ ಅಂಕಿ ಚೀಟಿಯಲ್ಲಿ ಬರೆದು ಕೊಡಿ, ನೀವು ಸೀಟಿನಲ್ಲಿ ಕೂತಿರುವಾಗಲೇ ಅಳೆಯಲು ಹೇಳಿ, ಮೊದಲಿನ ಮತ್ತು ನಂತರದ ಪ್ರಿಂಟ್ ಎರಡನ್ನೂ ತೆಗೆದಿಟ್ಟುಕೊಳ್ಳಿ.

7. ಇಂಜಿನ್ ಮತ್ತು ಎಣ್ಣೆಗಳು

ಇಂಜಿನ್ ಆಯಿಲ್, ಫಿಲ್ಟರ್ ಹೊಸದು ಹಾಕಿ. 2015-17ರ 5.0 ಇಂಜಿನ್‌ಗೆ 7.6 ಲೀಟರ್ ಬೇಕು, ‘ನಾಲ್ಕು ಲೀಟರ್ ಕ್ಯಾನ್ ಒಂದು ಸಾಕು’ ಎನ್ನುವ ಮೆಕ್ಯಾನಿಕ್ ಕೈಗೆ ಕೊಡಬೇಡಿ. ಕೂಲಂಟ್‌ಗೆ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬಾವಿ ನೀರಿನ ಕಬ್ಬಿಣಾಂಶ ಒಳಗೆ ಕಿಲುಬು ಕಟ್ಟುತ್ತದೆ. ಭಾರತದ ಮಸ್ಟಾಂಗ್ ಆಟೋಮ್ಯಾಟಿಕ್ ಆದ್ದರಿಂದ ಟ್ರಾನ್ಸ್‌ಮಿಷನ್ ಎಣ್ಣೆಯೂ ಹಿಂದಿನ ಡಿಫರೆನ್ಷಿಯಲ್ ಎಣ್ಣೆಯೂ ವಿಪರೀತ ಕಾಯುತ್ತವೆ. ಎರಡೂ ಹಳತಾಗಿದ್ದರೆ ಬದಲಿಸಿ. ರೇಡಿಯೇಟರಿನ ಮುಂದೆ ಅಂಟಿದ ಕೆಂಪು ಧೂಳು, ಹುಳ, ಎಲೆ ತೆಗೆಯಲು ಮೆಲ್ಲಗೆ ನೀರು ಬಿಡಿ. ಪ್ರೆಷರ್ ಗನ್ ಹಿಡಿದರೆ ರೆಕ್ಕೆಗಳು ಮಡಚಿಹೋಗುತ್ತವೆ.

ಟ್ರ್ಯಾಕಿನಲ್ಲಿ ಲೀಟರಿಗೆ ಎರಡು-ಮೂರು ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ. ಟ್ಯಾಂಕ್ ಕಾಲು ಭಾಗಕ್ಕಿಂತ ಇಳಿದರೆ ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಇಂಜಿನ್ ಕೆಮ್ಮುತ್ತದೆ.

8. ನಿಮ್ಮ ಮೈಗೆ

ಹೆಲ್ಮೆಟ್ ಪೂರ್ಣ ಮುಖದ್ದಾಗಿರಲಿ. ಕಾರು ಕ್ರೀಡೆಗೆಂದೇ ಇರುವ ಸ್ನೆಲ್ ಎಸ್‌ಎ ಗುರುತಿನದು ಬೆಂಕಿಗೂ ತಡೆಯುತ್ತದೆ. ಬೈಕ್ ಹೆಲ್ಮೆಟ್ ನಡೆಯುತ್ತದೋ ಇಲ್ಲವೋ ಸಂಘಟಕರನ್ನು ಕೇಳಿ. ಹತ್ತಿಯ ಪೂರ್ತಿ ತೋಳಿನ ಬಟ್ಟೆ, ತೆಳು ಅಡಿಯ ಶೂ. ನೈಲಾನ್ ಜೆರ್ಸಿ ಬೇಡ, ಕರಗಿ ಚರ್ಮಕ್ಕೆ ಅಂಟುತ್ತದೆ.

ಇಲ್ಲೊಂದು ಗಂಭೀರ ಎಚ್ಚರಿಕೆ. ನೋಡಲು ಚೆಂದವೆಂದು ನಾಲ್ಕು ಪಾಯಿಂಟ್ ಹಾರ್ನೆಸ್ ಬೆಲ್ಟ್ ಹಾಕಿಸುವವರಿದ್ದಾರೆ. ರೋಲ್ ಬಾರ್, ಅಂದರೆ ಮಗುಚಿದಾಗ ಚಾವಣಿ ಕುಸಿಯದಂತೆ ತಡೆಯುವ ಕಬ್ಬಿಣದ ಚೌಕಟ್ಟು ಇಲ್ಲದೆ ಅದನ್ನು ಹಾಕಬಾರದು. ಮಾಮೂಲಿ ಬೆಲ್ಟಿನಲ್ಲಿ ದೇಹ ಪಕ್ಕಕ್ಕೆ ವಾಲಬಹುದು. ಹಾರ್ನೆಸ್ ನಿಮ್ಮನ್ನು ನೆಟ್ಟಗೆ ಕಟ್ಟಿಹಾಕುತ್ತದೆ, ಕುಸಿಯುವ ಚಾವಣಿಗೆ ಸಿಗುವುದು ನಿಮ್ಮ ಕುತ್ತಿಗೆ. ಕಂಪನಿಯ ಮೂರು ಪಾಯಿಂಟ್ ಬೆಲ್ಟೇ ಇರಲಿ.

9. ಟ್ರ್ಯಾಕಿನಲ್ಲಿ

ಕಾರು ಖಾಲಿ ಮಾಡಿ: ಡಿಕ್ಕಿಯ ಜಾಕ್, ನೆಲದ ಮ್ಯಾಟ್, ನೀರಿನ ಬಾಟಲಿ, ಡ್ಯಾಶ್‌ಬೋರ್ಡಿನ ದೇವರ ಮೂರ್ತಿ ಸಹಿತ. ಬಾಟಲಿ ಉರುಳಿ ಬ್ರೇಕ್ ಪೆಡಲಿನ ಅಡಿಗೆ ಹೋದರೆ ಏನಾಗುತ್ತದೆಂದು ಹೇಳಬೇಕಿಲ್ಲ. ಕೆಟ್ಟು ನಿಂತರೆ ಕಾರನ್ನು ಎಳೆಯುವ ಕೊಕ್ಕೆ, ಟೋ ಹುಕ್, ಸಿಕ್ಕಿಸಿಡಿ. ಚಾಲಕರ ಸಭೆಯಲ್ಲಿ ಬಾವುಟಗಳ ಅರ್ಥ ಹೇಳುವಾಗ ಫೋನ್ ಕಿಸೆಯಲ್ಲಿರಲಿ.

ಮೊದಲ ದಿನ ಮೋಡ್ ಬಟನ್ ‘ಸ್ಪೋರ್ಟ್ ಪ್ಲಸ್’ ದಾಟಬಾರದು. ಸ್ಥಿರತೆ ಕಾಯುವ ಇಎಸ್‌ಸಿ ಆನ್ ಇರಲಿ. ಅದು ಮಿಣುಕುತ್ತಿದ್ದರೆ ನೀವು ಬೇಗ ಆಕ್ಸಿಲರೇಟರ್ ಒತ್ತುತ್ತಿದ್ದೀರಿ ಎಂದರ್ಥ, ಪುಕ್ಕಟೆ ಮೇಷ್ಟ್ರು ಅಂದುಕೊಳ್ಳಿ. ಬ್ರೇಕ್ ಎಲ್ಲ ಸ್ಟೀರಿಂಗ್ ನೆಟ್ಟಗಿರುವಾಗಲೇ ಮುಗಿಯಲಿ. ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ಎಷ್ಟು ಬಿಚ್ಚಿತೋ ಅಷ್ಟೇ ಕಾಲು ಒತ್ತಿ. 515 ನ್ಯೂಟನ್ ಮೀಟರ್ ತಿರುಚು ಬಲವನ್ನು ಸ್ಟೀರಿಂಗ್ ತಿರುಗಿರುವಾಗಲೇ ಹಿಂದಿನ ಚಕ್ರಗಳ ಮೇಲೆ ಒಮ್ಮೆಲೇ ಸುರಿದರೆ ಕಾರಿನ ಹಿಂಭಾಗ ಮುಂದೆ ಬರುತ್ತದೆ.

ಬ್ರೇಕ್ ಸೋಲುವುದು ಎರಡು ಬಗೆ, ಗುರುತಿಸಲು ಕಲಿಯಿರಿ. ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತಿದ್ದರೆ ದ್ರವ ಕುದಿದಿದೆ: ಬೇಗ ಬೇಗ ಪಂಪ್ ಮಾಡಿ, ವೇಗ ಇಳಿಸಿ, ಒಳಗೆ ಬನ್ನಿ, ಮತ್ತೆ ಬ್ಲೀಡ್ ಮಾಡುವವರೆಗೆ, ಅಂದರೆ ಬ್ಲೀಡರಿನಿಂದ ಹಳೆಯ ದ್ರವ, ಗುಳ್ಳೆ ಹೊರಹಾಕುವವರೆಗೆ ಹೊರಡಬೇಡಿ. ಪೆಡಲ್ ಗಟ್ಟಿಯಾಗೇ ಇದ್ದು ಕಾರು ಮಾತ್ರ ನಿಲ್ಲದಿದ್ದರೆ ಪ್ಯಾಡ್ ಅತಿಯಾಗಿ ಕಾದಿದೆ: ಒಂದು ಸುತ್ತು ನಿಧಾನ ಓಡಿಸಿ ತಣಿಸಿದರೆ ಮರಳುತ್ತದೆ.

ಪಿಟ್‌ಗೆ, ಅಂದರೆ ಟ್ರ್ಯಾಕಿನ ಪಕ್ಕದ ನಿಲ್ಲಿಸುವ ಜಾಗಕ್ಕೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯುವ ಅಭ್ಯಾಸ ಬಿಡಿ. ಕಾದ ಪ್ಯಾಡ್ ಡಿಸ್ಕಿಗೆ ಒಂದೇ ಕಡೆ ಒತ್ತಿಕೊಂಡರೆ ಅಚ್ಚು ಬೀಳುತ್ತದೆ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ಪಾರ್ಕ್‌ಗೆ ಹಾಕಿ, ಚಕ್ರಕ್ಕೊಂದು ಕಲ್ಲೋ ಮರದ ತುಂಡೋ ಕೊಡಿ. ಪ್ರತಿ ಅವಧಿ ಹದಿನೈದು ನಿಮಿಷ ಮೀರದಿರಲಿ.

ಸಮಯ ಅಳೆಯಲು ಫೋನಿನ ರೇಸ್‌ಕ್ರೋನೋದಂಥ ಆ್ಯಪ್ ಸಾಕು. ಆದರೆ ಹೆಚ್ಚಿನ ಫೋನ್‌ಗಳ ಜಿಪಿಎಸ್ ಸೆಕೆಂಡಿಗೆ ಒಂದು ಸಲ ಮಾತ್ರ ಜಾಗ ಗುರುತಿಸುತ್ತದೆ. ಹತ್ತು ಸಲ ಗುರುತಿಸುವ ಸಣ್ಣ ಜಿಪಿಎಸ್ ಡಬ್ಬಿ ಜೋಡಿಸಿದರೆ ಯಾವ ತಿರುವಿನಲ್ಲಿ ಸಮಯ ಹೋಯಿತೆಂದು ನಂಬುವ ಹಾಗೆ ಕಾಣುತ್ತದೆ.

10. ಮನೆಗೆ ಬರುವ ದಾರಿ

ಫ್ಲ್ಯಾಟ್‌ಬೆಡ್ ಎಂದದ್ದಕ್ಕೆ ಕಾರಣ ಇದು. ಮೈಸೂರಿನಿಂದಾಗಲಿ ಹಾಸನದಿಂದಾಗಲಿ ಕರಾವಳಿಗೆ ಬರುವ ದಾರಿ ಎಂದರೆ ಘಾಟಿ ಇಳಿಯುವುದೇ. ದಿನವಿಡೀ ಕಾದು ಅರ್ಧ ಸವೆದ ಪ್ಯಾಡ್, ಒಮ್ಮೆ ಕುದಿದ ದ್ರವ, ಸುಸ್ತಾದ ಚಾಲಕ, ಸಂಪಾಜೆಯ ಮಂಜು, ಎದುರಿಗೆ ಮರದ ಲಾರಿ. ಟ್ರ್ಯಾಕಿನಲ್ಲಿ ಬ್ರೇಕ್ ಹೋದರೆ ಪಕ್ಕದಲ್ಲಿ ಜಲ್ಲಿ ಹಾಸಿದ ಜಾಗ ಇರುತ್ತದೆ, ಘಾಟಿಯಲ್ಲಿ ಇರುವುದಿಲ್ಲ.

ಓಡಿಸಿಕೊಂಡೇ ಬರುವುದಾದರೆ ಆ ರಾತ್ರಿ ಅಲ್ಲೇ ಉಳಿಯಿರಿ. ಬೆಳಿಗ್ಗೆ ಚಕ್ರದ ಸಂದಿಯಿಂದ ಪ್ಯಾಡಿನ ದಪ್ಪ ನೋಡಿ, ಮೂರು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಹಳೆಯ ರಸ್ತೆ ಪ್ಯಾಡ್ ಹಾಕಿಕೊಳ್ಳಿ (ಹೊರಡುವಾಗ ಅವನ್ನು ಕಟ್ಟಿಕೊಂಡಿರಬೇಕು). ಪೆಡಲ್ ಒಂದಿಷ್ಟಾದರೂ ಮೆತ್ತಗಿದ್ದರೆ ಬ್ಲೀಡ್ ಮಾಡದೆ ಹೊರಡಬೇಡಿ. ಟೈರಿನ ಗಾಳಿಯನ್ನು ರಸ್ತೆಯ ಒತ್ತಡಕ್ಕೆ ಮರಳಿ ತುಂಬಿ, ನಟ್ ನೋಡಿ, ಇಂಜಿನ್ ಆಯಿಲ್ ಮಟ್ಟ ನೋಡಿ. ಇಳಿಜಾರಿನಲ್ಲಿ ಗೇರನ್ನು ನೀವೇ ಆರಿಸಿ ಎರಡು, ಮೂರರಲ್ಲಿ ಹಿಡಿದು ಇಂಜಿನ್‌ನಿಂದಲೇ ವೇಗ ತಡೆಯಿರಿ. ಪಾಲಕ್ಕಾಡಿನ ದಾರಿ ಉದ್ದವಾದರೂ ಈ ಕಾರಣಕ್ಕೆ ನನಗೆ ಅದೇ ಇಷ್ಟ.

ಊರಿಗೆ ಬಂದ ವಾರದೊಳಗೆ ಬ್ರೇಕ್ ದ್ರವ ಇನ್ನೊಮ್ಮೆ ಬ್ಲೀಡ್ ಮಾಡಿಸಿ, ಇಂಜಿನ್ ಆಯಿಲ್ ಬದಲಿಸಿ, ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಮಳೆಗಾಲಕ್ಕೆ ಶೆಡ್ಡಿನಲ್ಲಿ ನಿಲ್ಲಿಸುವುದಾದರೆ ಬ್ಯಾಟರಿಗೆ ಟ್ರಿಕಲ್ ಚಾರ್ಜರ್ (ಸಣ್ಣಗೆ ಚಾರ್ಜ್ ಮಾಡುತ್ತಲೇ ಇರುವುದು) ಇಡಿ, ಟೈರಿಗೆ ಮೂರ್ನಾಲ್ಕು ಪಿಎಸ್‌ಐ ಹೆಚ್ಚು ತುಂಬಿ, ಎರಡು ವಾರಕ್ಕೊಮ್ಮೆ ಹೊರತೆಗೆದು ಬ್ರೇಕ್ ಬಿಸಿಯಾಗುವವರೆಗೆ ಓಡಿಸಿ.